ಮಿಸ್ ರಸ್ಮಿಯ್ಯ ಮುಂದಕ್ಕೆ ತಳ್ಳುತ್ತಿದ್ದ ಅಕ್ಷರ

ನಮ್ಮ ಬೀದಿಯಲ್ಲಿ ಅರಬ್ಬಿಯ ಜೀಮ್ ಅಕ್ಷರದ ವಾರ ಬಂತೆಂದರೆ ಮೊಟ್ಟೆಯ ಟ್ರೇಗಳು ಮಾಯವಾಗುತ್ತವೆ. ಜೀಮ್ ಅಂದರೆ ಜಮಲ್, ಒಂಟೆ. ಟ್ರೇಯ ಒಂದು ಗುಳಿ ಕತ್ತರಿಸಿ ಬೋರಲು ಹಾಕಿದರೆ ಒಂಟೆಯ ಡುಬ್ಬ. ಅವಸರದಲ್ಲಿ ಎರಡು ಗುಳಿ ಕತ್ತರಿಸಿದ ಮಗುವನ್ನು ಮಿಸ್ ರಸ್ಮಿಯ್ಯ ಹತ್ತಿರ ಕರೆದು, "ಇದ್ಯಾವ ದೇಶದ ಒಂಟೆಯಪ್ಪಾ? ನಮ್ಮ ಕಡೇದಲ್ಲ. ಇದಕ್ಕೆ ವೀಸಾ ಇದ್ಯಾ?" ಎಂದು ಕೇಳುತ್ತಾರೆ. ಮಗು ಒಂಟೆಗೆ ವೀಸಾ ಕೊಡಿಸಬೇಕೆಂದು ಸಂಜೆ ಮನೆಯಲ್ಲಿ ರಂಪ ಮಾಡುತ್ತದೆ.

ಅಮ್ಮಾನ್ ಪಟ್ಟಣದ ನಮ್ಮ ಗುಡ್ಡದಲ್ಲಿ, ಮೆಟ್ಟಿಲುಗಳು ಮುಗಿಯುವಲ್ಲಿ, ಬೇಕರಿಯ ಪಕ್ಕದ ಮನೆಯ ನೆಲ ಅಂತಸ್ತಿನಲ್ಲಿ ಅವರ ಶಿಶುವಿಹಾರ. ಬೇಕರಿಯ ಯಜಮಾನನಿಗೂ ಅಲಿಫ್ ಬಾ ಕಲಿಸಿದವರು ಅವರೇ. ಈಗ ಅವನಿಗೆ ಬೋಳುತಲೆ, ಎರಡು ಮದುವೆ. ಆದರೂ ಮಿಸ್ ರಸ್ಮಿಯ್ಯ ಮೆಟ್ಟಿಲಿಳಿದು ಬಂದರೆ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ಕತ್ತಿನಲ್ಲಿ ದಾರ ಕಟ್ಟಿ ಇಳಿಬಿಟ್ಟ ಕತ್ತರಿ, ತೋಳಿನ ಮೇಲೆ ಒಣಗಿದ ಗೋಂದಿನ ಕಲೆ, ಯಾವಾಗಲೂ ಇಸ್ತ್ರಿ ಮಾಡಿದ ತಲೆವಸ್ತ್ರ. ಹೀಗಿರುತ್ತಾರೆ ಅವರು.

ವಾರಕ್ಕೊಂದು ಅಕ್ಷರ. ಬಾ ವಾರದಲ್ಲಿ ಹಳದಿ ಉಲ್ಲನ್ನಿನ ಬಾತುಕೋಳಿ, ಸೀನ್ ವಾರದಲ್ಲಿ ಚಾಕೊಲೇಟ್ ಕಾಗದದ ಹೊಳೆಯುವ ಸಮಕ್, ಮೀನು. ಬಾಯಲ್ಲಿ ಹೇಳಿಸುವುದು ಕಡಿಮೆ, ಕೈಯಲ್ಲಿ ಮಾಡಿಸುವುದು ಹೆಚ್ಚು. "ಬಾಯಿ ಮರೆಯುತ್ತೆ ಉಮ್ಮ್ ಜುಮಾನ, ಬೆರಳು ಮರೆಯಲ್ಲ," ಎಂದು ನನಗೊಮ್ಮೆ ಹೇಳಿದ್ದರು. ನನ್ನ ಹೆಸರು ದಿಯಾಲಾ, ಆದರೆ ಅವರಿಗೆ ನಾನು ಮಗಳ ಹೆಸರಿನಲ್ಲಿ ಉಮ್ಮ್ ಜುಮಾನ, ಜುಮಾನಳ ತಾಯಿ. ಗುರುವಾರ ವಾರದ ಕೊನೆಯ ದಿನ. ಅವತ್ತು ಪ್ರತಿ ಮಗುವೂ ಆ ವಾರದ ಅಕ್ಷರದಿಂದ ಶುರುವಾಗುವ ಒಂದು ವಸ್ತುವನ್ನು ಮನೆಯಿಂದ ಚೀಲದಲ್ಲಿ ಬಚ್ಚಿಟ್ಟು ತರಬೇಕು. ಉಳಿದವರು ಊಹಿಸಬೇಕು.

ಒಂದೇ ಒಂದು ವಿಚಿತ್ರ. ಅಕ್ಷರಮಾಲೆಯಲ್ಲಿ ಫಾ ಆದಮೇಲೆ ಖಾಫ್ ಬರಬೇಕು, ಆಮೇಲೆ ಕಾಫ್. ಮಿಸ್ ರಸ್ಮಿಯ್ಯ ಖಾಫನ್ನು ಹಾರಿಬಿಡುತ್ತಿದ್ದರು. ಅದು ವರ್ಷದ ಕಟ್ಟಕಡೆಗೆ, ಎಲ್ಲ ಅಕ್ಷರಗಳೂ ಮುಗಿದ ಮೇಲೆ. ಯಾಕೆಂದು ಕೇಳಿದ ತಾಯಂದಿರಿಗೆ ಅವರ ಉತ್ತರ ಸಿದ್ಧವಿರುತ್ತಿತ್ತು. "ಗಂಟಲಿನ ಅಕ್ಷರ ಅದು. ಮಕ್ಕಳ ಗಂಟಲು ಸ್ವಲ್ಪ ಬಲೀಲಿ."

ನಾವೂ ನಂಬಿದ್ದೆವು. ಆದರೆ ನಮ್ಮ ಊರಿನಲ್ಲಿ ಖಾಫ್ ಎಂಬುದು ಬರೀ ಗಂಟಲಿನ ಅಕ್ಷರವಲ್ಲ, ಮನೆತನದ ಅಕ್ಷರ. ಪುಸ್ತಕದಲ್ಲಿ ಕಾಫಿಗೆ ಖಹ್ವಾ ಎಂದಿದೆ. ಹಾಗೆ ಗಂಟಲಿನಾಳದಿಂದ ಹೇಳುವವರು ಸುದ್ದಿ ಓದುವವರು ಮಾತ್ರ. ನನ್ನಂಥ ಪಟ್ಟಣದ ಹೆಂಗಸರು ಖಾಫನ್ನು ನುಂಗಿ ಅಹ್ವೆ ಎನ್ನುತ್ತೇವೆ. ಮರಳುಗಾಡಿನ ಕಡೆಯವರು ಗಹ್ವೆ ಎನ್ನುತ್ತಾರೆ. ಪ್ಯಾಲೆಸ್ತೀನಿನ ಹಳ್ಳಿ ಬಿಟ್ಟು ನಿರಾಶ್ರಿತರ ಕ್ಯಾಂಪಿಗೆ ಬಂದು, ಅಲ್ಲಿಂದ ಈ ಗುಡ್ಡ ಹತ್ತಿದ ನನ್ನ ಅತ್ತೆಯಂಥವರು ಕಹ್ವೆ ಎನ್ನುತ್ತಾರೆ. ನಿಜವಾದ ಕಾಫ್ ಇರುವ ಕಡೆ ಅವರ ನಾಲಿಗೆ ಚ ಎಂದು ತಿರುಗುತ್ತದೆ. ಬಾಯಿ ಬಿಟ್ಟರೆ ಸಾಕು, ಯಾರ ಮನೆಯವರು, ಎಲ್ಲಿಂದ ಬಂದವರು, ಎಲ್ಲ ಹೊರಗೆ.

ಇದರ ಬಿಸಿ ನನಗೆ ಮದುವೆಯಾದ ಹೊಸದರಲ್ಲೇ ತಟ್ಟಿತ್ತು. ಹೃದಯಕ್ಕೆ ಪುಸ್ತಕದಲ್ಲಿ ಖಲ್ಬ್, ನಮಗೆ ಅಲ್ಬ್, ಅತ್ತೆಗೆ ಕಲ್ಬ್. ಕಷ್ಟವೇನೆಂದರೆ ನಮಗೆ ಪಟ್ಟಣದವರಿಗೆಲ್ಲ ಕಲ್ಬ್ ಎಂದರೆ ನಾಯಿ. ಅತ್ತೆ ನನ್ನನ್ನು ಬಾಗಿಲಲ್ಲಿ ತಬ್ಬಿಕೊಂಡು "ಬಾ ನನ್ ಕಲ್ಬೇ" ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನನ್ನ ಗಂಡ ಬಾಸಿಲ್ ನಕ್ಕು ನಕ್ಕು ಗೋಡೆ ಹಿಡಿದು, "ಅಮ್ಮನಿಗೆ ನಾಯಿ ಅಂದ್ರೆ ಚಲ್ಬ್ ಕಣೆ. ಕಲ್ಬ್ ಅಂದ್ರೆ ಎದೆಯೊಳಗಿರೋದು. ಅವಳ ಲೆಕ್ಕದಲ್ಲಿ ಯಾವ ಗೊಂದಲಾನೂ ಇಲ್ಲ, ಗೊಂದಲ ನಿಮ್ಮದು," ಎಂದ.

ಅತ್ತೆಯನ್ನು ಊರೆಲ್ಲ ಹಜ್ಜಾ ತಮಾಮ್ ಎನ್ನುತ್ತದೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುವುದರಿಂದ ಜುಮಾನ ಬೆಳೆದಿದ್ದೇ ಅವರ ಮಡಿಲಲ್ಲಿ. ಮೊದಲ ಮಾತು ಬಂದಿದ್ದೂ ಅವರ ಬಾಯಿಂದಲೇ.

ಕಾಫ್ ವಾರದಲ್ಲಿ ಮಾಡಿಸಿದ್ದು ನಾಯಿ. ಕಂದು ಕಾಗದದ ಮುಖ, ಹಳೆಯ ಕಾಲುಚೀಲದಿಂದ ಕತ್ತರಿಸಿದ ಜೋಲು ಕಿವಿ. ಜುಮಾನ ಓಡಿಬಂದು ಅಜ್ಜಿಗೆ ತೋರಿಸಿದಳು. "ಸಿತ್ತೀ, ನೋಡು, ಕಲ್ಬ್!"

"ಅಯ್ಯೋ ನಿನ್ ಬಾಯಿಗ್ ಸಕ್ಕರೆ ಆಕ. ಇದ್ ಕಲ್ಬ್ ಅಲ್ಲ ಕಣವ್ವ, ಚಲ್ಬ್. ಕಲ್ಬ್ ಇಲ್ಲೈತೆ," ಎಂದು ಅತ್ತೆ ಮೊಮ್ಮಗಳ ಎದೆ ಮುಟ್ಟಿ ತೋರಿಸಿದರು. "ಡಬ್ ಡಬ್ ಅಂತೈತಲ್ಲ, ಅದು."

ಜುಮಾನ ಎದೆಯ ಮೇಲೆ ಕೈಯಿಟ್ಟು ಯೋಚಿಸಿದಳು. ಗುರುವಾರಕ್ಕೆ ಕಾಫ್ ಅಕ್ಷರದ ವಸ್ತುವನ್ನು ತಾನೇ ಹುಡುಕುತ್ತೇನೆ, ಯಾರೂ ಹೇಳಬಾರದು ಎಂದಳು. ಆಯಿತಮ್ಮ ಎಂದೆ. ನನಗೂ ಅವತ್ತು ಬಟ್ಟೆ ಒಗೆಯುವ ದಿನ.

ಗುರುವಾರ ಬೆಳಿಗ್ಗೆ ಅವಳ ಬೂಟಿನ ಪಟ್ಟಿ ಕಿತ್ತುಬಂದು, ಅದಕ್ಕೆ ಪಿನ್ನು ಚುಚ್ಚುತ್ತ ನಾನು ತರಗತಿಯ ಬಾಗಿಲಲ್ಲೇ ಕೂತಿದ್ದೆ. ಒಳಗೆ ಒಬ್ಬನ ಚೀಲದಿಂದ ಚೆಂಡು ಬಂತು, ಕುರಾ, ಚಪ್ಪಾಳೆ. ಇನ್ನೊಬ್ಬಳ ಚೀಲದಿಂದ ಎಳ್ಳು ಮೆತ್ತಿದ ಬಿಸ್ಕತ್ತು, ಕಅಕ್. ಅದನ್ನು ಊಹಿಸುವ ಮೊದಲೇ ಯಾರೋ ತುದಿ ಕಡಿದಿದ್ದರು. ಆಮೇಲೆ ಜುಮಾನ ಎದ್ದು ಒಂಟಿ ಬೂಟಿನಲ್ಲೇ ಕುಂಟುತ್ತ ಹೋಗಿ ಚೀಲದಿಂದ ಜ್ಯಾಮಿನ ಬಾಟಲಿ ತೆಗೆದಳು. ಅತ್ತೆ ಏಲಕ್ಕಿ ಹಾಕಿ ಪುಡಿ ಮಾಡಿಟ್ಟ ಕಾಫಿ. ಮುಚ್ಚಳ ತೆಗೆಯುತ್ತಲೇ ಘಮ ಬಾಗಿಲವರೆಗೂ ಬಂತು.

"ಕಹ್ವೆ!" ಎಂದಳು, ಗೆದ್ದವಳ ಹಾಗೆ.

ಎಷ್ಟು ಸರಿಯಾಗಿ ಯೋಚಿಸಿದ್ದಳು ಮಗು! ಅವಳ ಕಿವಿಗೆ ಅದು ಕಾಫ್ ಅಕ್ಷರದಿಂದಲೇ ಶುರುವಾಗುತ್ತಿತ್ತು. ಆದರೆ ಮಿಸ್ ರಸ್ಮಿಯ್ಯನ ಮುಖ ಸುಟ್ಟುಕೊಂಡವರ ಹಾಗಾಯಿತು. ಎರಡು ಡುಬ್ಬದ ಒಂಟೆಗೆ ವೀಸಾ ಕೇಳುವ ಹೆಂಗಸು ಇವರೇನಾ ಅನ್ನಿಸುವಷ್ಟು.

"ಕಹ್ವೆ? ಯಾರು ಹೇಳ್ಕೊಟ್ಟಿದ್ದು ನಿಂಗಿದನ್ನ?"

"ನಮ್ಮ ಸಿತ್ತಿ."

"ಇದು ಕಾಫ್ ಅಲ್ಲವೇ ಅಲ್ಲ. ಕಹ್ವೆ ಅನ್ನೋದು ಕತ್ತೆ ಹಿಂದೆ ಹೋಗೋ ಜನ. ನಾವು ಓದೋ ಮಕ್ಕಳು ತಾನೇ? ನಾವೇನಂತೀವಿ?"

"ಅಹ್ವೆ!" ಎಂದು ತರಗತಿ ಕೂಗಿತು. ಅದೂ ಪುಸ್ತಕದ ಖಾಫ್ ಅಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ಹುಡುಗಿ, "ಜುಮಾನ ಕತ್ತೆ ಹಿಂದೆ ಹೋಗ್ತಾಳೆ," ಎಂದಿತು. ಎಲ್ಲರೂ ನಕ್ಕರು. ಮಿಸ್ ಬಾಟಲಿಯ ಮುಚ್ಚಳ ಬಿಗಿಮಾಡಿ ಬೀರುವಿನ ಮೇಲಿಟ್ಟರು. ಜುಮಾನ ಬಾಗಿಲ ಕಡೆ, ನನ್ನ ಕಡೆ ನೋಡಿದಳು. ನಾನು ಬೂಟಿನ ಪಿನ್ನು ನೋಡಿದೆ. ಮಗುವಿಗೆ ನೋವಾಯಿತೆಂದು ಸಂಕಟವಾಯಿತು, ನಿಜ. ಅದರ ಅಡಿಯಲ್ಲೇ, ಸದ್ಯ ಇವಳ ನಾಲಿಗೆ ಪಟ್ಟಣದ ದಾರಿಗೆ ಬರುತ್ತದೆ ಎಂಬ ಒಂದು ಸಣ್ಣ ಸಮಾಧಾನವೂ ಮಿಸುಕಿತು. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ.

ಅವತ್ತು ಸಂಜೆಯಿಂದ ಜುಮಾನ ಅಜ್ಜಿಯ ಜೊತೆ ಮಾತು ಬಿಟ್ಟಳು. ಸಿಟ್ಟಲ್ಲ, ಮುನಿಸಲ್ಲ. ತೊಡೆಯ ಮೇಲೆ ಕೂರುತ್ತಿದ್ದಳು, ಕೈಯಿಂದ ತುತ್ತು ತಿನ್ನುತ್ತಿದ್ದಳು, ಬಾಯಿ ಮಾತ್ರ ಬಿಡಳು. ನೀರು ಬೇಕಾದರೆ ಲೋಟ ತೋರಿಸುವುದು, ಬೇಡವಾದರೆ ತಲೆ ಅಲ್ಲಾಡಿಸುವುದು.

"ಇದ್ಯಾಕವ್ವ, ಬಾಯ್ಗ್ ಬೀಗ ಆಕ್ಕೊಂಡಿದ್ಯಾ?" ಅತ್ತೆ ಮೊದಲು ನಕ್ಕರು. ಕಚಗುಳಿಯಿಟ್ಟರು. ಹಳ್ಳಿಯ ಹಾಡು ಹೇಳಿ ಕೊನೆಯ ಪದ ಬಿಟ್ಟರು. ಯಾವಾಗಲೂ ಅದನ್ನು ತುಂಬುತ್ತಿದ್ದವಳು ತುಟಿ ಒಳಗೆ ಮಡಚಿಕೊಂಡಳು. ಕಡೆಗೆ ಗದ್ದ ಹಿಡಿದು, "ಏನಾಯ್ತು ಏಳವ್ವ, ನನ್ ಕಲ್ಬೇ," ಎಂದಾಗ ಜುಮಾನ ಅಜ್ಜಿಯ ಕಿವಿಗೆ ಬಾಯಿಟ್ಟು, "ಸಿತ್ತಿ, ನೀನು ತಪ್ಪು ಮಾತಾಡ್ತೀಯ," ಎಂದಳು. ಗುಟ್ಟು ಹೇಳುವವರ ಹಾಗೆ, ಅಜ್ಜಿಯ ಮಾನ ಕಾಯುವವಳ ಹಾಗೆ.

ಅತ್ತೆ ಅವಳ ಗದ್ದ ಬಿಟ್ಟರು. ಆಮೇಲೆ ಅವರೂ ಸನ್ನೆಯಲ್ಲೇ ಮಾತಾಡತೊಡಗಿದರು. ಇಡೀ ದಿನ ಮಾತಿನಿಂದ ತುಂಬಿರುತ್ತಿದ್ದ ಮನೆಯಲ್ಲಿ ಒಂದು ಮುದುಕಿ ಒಂದು ಮಗು ಮೂಗರಂತೆ ಕೈಯಾಡಿಸುತ್ತ ಕೂತಿರುವುದನ್ನು ನೋಡಲಾಗದೆ ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ.

ಶಿಶುವಿಹಾರದಲ್ಲೂ ಅಷ್ಟೇ. ಲಾಮ್ ವಾರ, ಮೀಮ್ ವಾರ, ನೂನ್ ವಾರ, ಹೀಗೇ ಕೊನೆಯ ಯಾ ವಾರದವರೆಗೆ. ಜುಮಾನ ಕತ್ತರಿಸುತ್ತಾಳೆ, ಅಂಟಿಸುತ್ತಾಳೆ, ಬಾಯಿ ಮಾತ್ರ ಇಲ್ಲ. ಒಂದು ದಿನ ಮಿಸ್ ರಸ್ಮಿಯ್ಯ ನನ್ನನ್ನು ಗೇಟಿನಲ್ಲಿ ನಿಲ್ಲಿಸಿದರು.

"ಉಮ್ಮ್ ಜುಮಾನ, ಮಗು ಉಸಿರೇ ಎತ್ತಲ್ಲ. ಮನೇಲಿ ಹೇಗೆ?"

"ನನ್ನ ಹತ್ರ ಪಿಸುಪಿಸು ಅಂತಾಳೆ ಮಿಸ್. ಅಜ್ಜಿ ಹತ್ರ ಅದೂ ಇಲ್ಲ. ಆ ಕಾಫಿ ದಿನದಿಂದ."

ಅವರು ಕತ್ತಿನ ಕತ್ತರಿಯನ್ನು ತೆರೆದರು, ಮುಚ್ಚಿದರು. ಆಮೇಲೆ ಒಳಗೆ ಹೋದರು.

ಅತ್ತೆಗೆ ಅಲ್ಲಿಯವರೆಗೆ ಕಾಫಿ ಬಾಟಲಿಯ ಕತೆ ಗೊತ್ತಿರಲಿಲ್ಲ. ಮಿಸ್ಸನ್ನು ಅವರು ಕಂಡೂ ಇರಲಿಲ್ಲ, ಮನೆಯಲ್ಲಿ ನಾವು ಮಿಸ್ ಎನ್ನುವುದಷ್ಟೇ. ಅವತ್ತು ಹೇಳಿಬಿಟ್ಟೆ, ಕತ್ತೆಯ ಮಾತೊಂದನ್ನು ಬಿಟ್ಟು. ಆದರೆ ಕತ್ತೆಯ ಮಾತನ್ನು ಅವರೇ ಊಹಿಸಿದರು.

"ಕತ್ತೆ ಒಡೆಯೋರು ಅಂದ್ಲಾ?"

"ಹಿಂದೆ ಹೋಗೋರು ಅಂದ್ರು, ಅತ್ತೆ."

"ಯಾವಳವ್ಳು? ತೋರ್ಸು."

ಫೋನಿನಲ್ಲಿ ತರಗತಿಯ ಫೋಟೋ ತೆಗೆದು ಕೊಟ್ಟೆ. ಅತ್ತೆ ಫೋನನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡರು.

"ಇವ್ಳು ಫಿದ್ದಾ ಮಗಳು ಕಣೆ ದಿಯಾಲಾ! ರಸ್ಮಿಯ್ಯ! ಕ್ಯಾಂಪ್ನಾಗೆ ಅವ್ರ ಗೋಡೆ ನಮ್ ಗೋಡೆ ಒಂದೇ. ನನ್ ಕಣ್ ಮುಂದೆ ಉಟ್ಟಿದೋಳು. ನನ್ಗಿಂತ ಎಚ್ಚು ಚ ಚ ಅಂತಿದ್ಲು, ಗುಬ್ಬಚ್ಚಿ ತರ!"

ಆಮೇಲೆ ನಿಧಾನವಾಗಿ ಉಳಿದದ್ದು ಬಂತು. ರಸ್ಮಿಯ್ಯ ಕ್ಯಾಂಪಿನಿಂದ ಟೀಚರ್ ಟ್ರೇನಿಂಗಿಗೆ ಹೋದ ಮೊದಲ ಹುಡುಗಿಯರಲ್ಲಿ ಒಬ್ಬಳು. ಪರೀಕ್ಷೆಯ ದಿನ ಹಾಸ್ಟೆಲಿನ ಪಡಸಾಲೆಯಲ್ಲಿ "ನನ್ನ ಎದೆ ಹೊಡ್ಕೋತಿದೆ" ಎನ್ನಲು ಹೋಗಿ "ನನ್ನ ಕಲ್ಬ್" ಎಂದಳಂತೆ. ಪಟ್ಟಣದ ಹುಡುಗಿಯರು ಇಡೀ ವರ್ಷ ಅವಳನ್ನು ಕಂಡರೆ ಬೊಗಳಿದರಂತೆ. ರಜೆಗೆ ಮನೆಗೆ ಬಂದಾಗ ಅವಳ ನಾಲಿಗೆ ಬದಲಾಗಿತ್ತು. ಒಳ್ಳೆಯ ಪಟ್ಟಣದ ಮನೆಯಿಂದ ಸಂಬಂಧವೂ ಬಂತು.

"ನಿಶ್ಚಯದ ದಿನ ಅವ್ವನ್ಗೆ ಏಳಿದ್ಲು, ನೀನ್ ಬಾಯ್ ಬಿಡ್ಬ್ಯಾಡ, ಬರೀ ನಗು ಸಾಕು ಅಂತ. ಪಾಪ ಫಿದ್ದಾ, ಸಂಜೆಗಂಟ ನಕ್ಕಂಡೇ ಕುಂತಿದ್ಲು. ಏನ್ ಕೇಳುದ್ರೂ ನಗು. ಗಂಡಿನ್ ತಾಯಿ ನನ್ ಕಿವೀಲಿ ಕೇಳುದ್ರು, ಈಯಮ್ಮನಿಗೆ ಕಿವಿ ಕೇಳ್ಸಲ್ವಾ ಅಂತ. ನಾನೇನ್ ಏಳ್ಲಿ? ಊ ಕಣಮ್ಮ, ಉಟ್ದಾಗಿಂದ ಕಿವುಡಿ ಅಂದ್ಬುಟ್ಟೆ. ಸಾಯೋಗಂಟ ಬೀಗರ್ ಮನೇಲಿ ಅವ್ಳು ಕಿವುಡೀನೇ."

ನನಗೆ ನಗು ಬಂತು. ಅತ್ತೆ ನಗಲಿಲ್ಲ.

"ಆ ಮಗು ಬಾಯಿ ಮುಚ್ಸಿದ್ಳಲ್ಲ, ಬರ್ಲಿ. ಆ ಅಕ್ಷರದ್ ದಿನ ನಾನೇ ಓಗ್ತೀನಿ. ಎಲ್ರ ಮುಂದೆ, ಏನವ್ವ ಫಿದ್ದಾ ಮಗಳೇ, ನಿನ್ ಕತ್ತೆ ಎಲ್ಲಿ ಕಟ್ಟಿದ್ಯಾ ಅಂತ ಕೇಳ್ತೀನಿ."

ಅದು ಬೆದರಿಕೆಯಷ್ಟೇ ಅಲ್ಲವೆಂದು ನನಗೆ ಗೊತ್ತಿತ್ತು. ಅವರು ಕೇಳುವವರೇ. ಕೇಳಿದರೆ ಜುಮಾನಳ ಬಾಯಿ ತೆರೆಯುತ್ತದೆಯೇ? ಎರಡೂ ಕಡೆಯ ದೊಡ್ಡವರು ತನ್ನಿಂದಾಗಿ ಜಗಳವಾಡಿದರೆಂದು ಇನ್ನೂ ಬಿಗಿದುಕೊಳ್ಳುತ್ತದೆ. ಆದ್ದರಿಂದ ಮರುದಿನ ನಾನೇ ಮೊದಲು ಹೋದೆ. ಮಕ್ಕಳು ಹೊರಟಿದ್ದರು. ಮಿಸ್ ರಸ್ಮಿಯ್ಯ ಪುಟ್ಟ ಕುರ್ಚಿಯ ಮೇಲೆ ಕೂತು ಕೆಂಪು ಬಟ್ಟೆಯಲ್ಲಿ ಹೃದಯಗಳನ್ನು ಕತ್ತರಿಸುತ್ತಿದ್ದರು. ಖಾಫ್ ವಾರಕ್ಕೆ ಹೃದಯ. ಒಳಗೆ ತುಂಬಲು ಹತ್ತಿ, ಖುತ್ನ್. ಮೇಲೆ ಅಂಟಿಸಲು ಗೋಧಿ ಕಾಳು, ಖಮ್ಹ್. ಎಲ್ಲವೂ ಖಾಫ್.

"ಮಿಸ್, ನನ್ನ ಅತ್ತೆ ಹಜ್ಜಾ ತಮಾಮ್. ನಿಮ್ಮ ತಾಯಿಯವರ ಪಕ್ಕದ ಮನೆಯವರಂತೆ."

ಕತ್ತರಿ ನಿಂತಿತು. ಅವರು ಮೊದಲು ಬಾಗಿಲ ಕಡೆ ನೋಡಿದರು. "ಬೇರೆ ತಾಯಂದಿರಿಗೆ ಹೇಳಿದ್ರಾ?"

"ಇಲ್ಲ."

ಕೇಳಿದ್ದಕ್ಕೇ ನಾಚಿಕೆಯಾಯಿತೇನೋ, ಕೆನ್ನೆಯಿಂದ ಕಿವಿಯವರೆಗೆ ಕೆಂಪೇರಿತು. ಅರ್ಧ ಕತ್ತರಿಸಿದ ಹೃದಯವನ್ನು ತೊಡೆಯ ಮೇಲೆ ಉಜ್ಜಿ ಉಜ್ಜಿ ಸರಿಮಾಡಿದರು.

"ತಮಾಮ್ ಚಿಕ್ಕಮ್ಮ," ಎಂದರು. "ನಂಗೆ ಅವರ ಮನೆಯಿಂದ ರೊಟ್ಟಿ ಬರ್ತಿತ್ತು. ಅವರ ಮೊಮ್ಮಗೂಗಾ ನಾನು ಹಾಗಂದಿದ್ದು?"

"ಬೇರೆಯವರ ಮೊಮ್ಮಗು ಆಗಿದ್ರೆ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ತಲೆ ಎತ್ತಲಿಲ್ಲ. "ಗುರುವಾರ ಅವರನ್ನ ಕರ್ಕೊಂಡ್ ಬನ್ನಿ. ಎಲ್ಲ ಅಜ್ಜಿಯರನ್ನೂ ಕರೀತಿದ್ದೀನಿ. ಮಗು ಬಾಯಿ ನಾನೇ ಮುಚ್ಚಿಸಿದ್ದು. ಅವತ್ತೇ ಏನಾದ್ರೂ..." ಅವತ್ತು ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಗುರುವಾರ ಅತ್ತೆ ಕಸೂತಿಯ ಉದ್ದ ನಿಲುವಂಗಿ, ಥೋಬ್ ಹಾಕಿಕೊಂಡರು, ಮದುವೆಗೆ ಹಾಕಿಕೊಳ್ಳುವುದು. "ಜಗಳಕ್ ಓಗೋವಾಗ್ಲೂ ಬಟ್ಟೆ ಚೆಂದಾಗಿರ್ಬೇಕು," ಎಂದರು. ನಾನು ದಾರಿಯುದ್ದಕ್ಕೂ "ಅತ್ತೆ, ಮಗು ಮುಂದೆ ಬೇಡ" ಎಂದು ಬೇಡಿಕೊಂಡೆ. ಅವರು ಥೋಬಿನ ಅಂಚೆತ್ತಿ ಇನ್ನೂ ಬಿರುಸಾಗಿ ಹೆಜ್ಜೆ ಹಾಕಿದರು.

ತರಗತಿಯ ತುಂಬ ಜನ. ಅಜ್ಜಿಯರು ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತಿದ್ದರು. ತಾಯಂದಿರು ಗೋಡೆಗೆ. ಮಕ್ಕಳು ಗೋಂದಿನ ಕೈಯಲ್ಲೇ ಹೃದಯಕ್ಕೆ ಹತ್ತಿ ತುರುಕಿದರು, ರಟ್ಟಿನ ಖಾಫ್ ಅಕ್ಷರದ ಮೇಲೆ ಗೋಧಿ ಕಾಳುಗಳನ್ನು ಸಾಲಾಗಿ ಕೂರಿಸಿದರು. ಮೇಲಿನ ಎರಡು ಚುಕ್ಕೆಗೆ ಎರಡು ಗುಂಡಿ. ಜುಮಾನ ಅಚ್ಚುಕಟ್ಟಾಗಿ ಎಲ್ಲ ಮಾಡಿ ಮುಗಿಸಿ, ಬಾಯಿ ಮುಚ್ಚಿ ಕೂತಳು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು "ಖಲ್ಬ್" ಎಂದು ಗಂಟಲಿನಿಂದ ಹೇಳಿ ಕೂತರು. ಒಂದು ಮಗುವಿಗೆ ಹೇಳುವ ಭರದಲ್ಲಿ ಕೆಮ್ಮೇ ಬಂತು. ಜುಮಾನಳ ಸರದಿ ಬಂದಾಗ ಅವಳು ಹೃದಯವನ್ನು ಎತ್ತಿ ಹಿಡಿದಳು, ಅಷ್ಟೇ.

ಮಿಸ್ ರಸ್ಮಿಯ್ಯ ಅವಳ ಮುಂದೆ ನೆಲಕ್ಕೆ ಕೂತರು. "ನಿನ್ನ ಸಿತ್ತಿ ಇದಕ್ಕೇನಂತಾರೆ ಜುಮಾನ?"

ಜುಮಾನ ಅಜ್ಜಿಯನ್ನು ನೋಡಿದಳು. ತಲೆ ಅಲ್ಲಾಡಿಸಿದಳು.

"ಸರಿ. ನಮ್ಮಮ್ಮ ಏನಂತಿದ್ಲು ಹೇಳ್ಲಾ? ನಮ್ಮಮ್ಮನೂ ನಿನ್ನ ಸಿತ್ತಿ ಊರಿನವಳೇ."

ತಾಯಂದಿರಲ್ಲಿ ಒಂದು ಗುಸುಗುಸು ಹರಿಯಿತು. ನಮ್ಮ ಬೀದಿಯಲ್ಲಿ ಮಿಸ್ ರಸ್ಮಿಯ್ಯನ ಊರು ಯಾವುದೆಂದು ಯಾರೂ ಕೇಳಿದ್ದೇ ಇಲ್ಲ. ಆ ನಾಲಿಗೆ ಕೇಳಿದ ಮೇಲೆ ಕೇಳಬೇಕಾಗಿಯೂ ಇರಲಿಲ್ಲ. ಅವರು ಗೋಡೆಯಿಂದ ಕಾಗದದ ನಾಯಿಯೊಂದನ್ನು ಬಿಡಿಸಿ ಒಂದು ಕೈಯಲ್ಲಿ ಹಿಡಿದರು, ಇನ್ನೊಂದರಲ್ಲಿ ಹೃದಯ. ಉಸಿರೆಳೆದುಕೊಂಡು ಹೇಳಿದರು. "ನಮ್ಮಮ್ಮ ಇದಕ್ಕೆ ಕಲ್ಬ್ ಅಂತಿದ್ಲು. ಇದಕ್ಕೆ ಚಲ್ಬ್."

ಅಕ್ಷರ ಸರಿಯಿತ್ತು. ರಾಗ ಸರಿಯಿರಲಿಲ್ಲ. ಟಿವಿ ಧಾರಾವಾಹಿಯಲ್ಲಿ ಹಳ್ಳಿಯ ದಡ್ಡನ ಪಾತ್ರ ಮಾಡುವವರು ಎಳೆದೆಳೆದು ಆಡುತ್ತಾರಲ್ಲ, ಹಾಗೆ ಬಂತು. ಹಿಂದಿದ್ದ ಇಬ್ಬರು ತಾಯಂದಿರು ಕಿಸಕ್ಕನೆ ನಕ್ಕರು. ಮಿಸ್ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಮಕ್ಕಳೂ ನಕ್ಕವು.

ಅತ್ತೆ ಎದ್ದರು. ಪುಟ್ಟ ಕುರ್ಚಿ ಥೋಬಿಗೆ ಸಿಕ್ಕಿಕೊಂಡು ಜೊತೆಗೇ ಎದ್ದಿತು, ಅದನ್ನು ಕಿತ್ತೆಸೆದರು.

"ನಗಾಡಕ್ಕೆ ಕರೆಸ್ದ್ಯೇನವ್ವ ರಸ್ಮಿಯ್ಯ? ನನ್ನ ನಗಾಡು, ಓಗ್ಲಿ. ನಿಮ್ಮವ್ವನ್ನೂ?"

"ಇಲ್ಲ ಚಿಕ್ಕಮ್ಮ, ಅಲ್ಲಾನ ಆಣೆ ಇಲ್ಲ!" ಮಿಸ್ ರಸ್ಮಿಯ್ಯ ನೆಲದಲ್ಲೇ ಮಂಡಿಯೂರಿದ್ದರು. "ನಾನು ನಿಜವಾಗ್ಲೂ ಹೇಳಕ್ಕೆ ಹೋದೆ. ಬರ್ತಿಲ್ಲ."

"ಏನ್ ಬರ್ತಿಲ್ಲ?"

"ಚಲ್... ಚಲ್ಬ್." ಮತ್ತೆ ಹಾಗೇ, ಅಣಕದ ಹಾಗೇ ಬಂತು. ಬಾಯಿಯ ಮೇಲೆ ಕೈ ಮುಚ್ಚಿಕೊಂಡರು. "ಚಿಕ್ಕಮ್ಮ, ಬರ್ತಾನೇ ಇಲ್ಲ."

ಈಗ ಯಾರೂ ನಗಲಿಲ್ಲ. ಅಷ್ಟು ವರ್ಷ ಜೋಪಾನವಾಗಿ ಮುಚ್ಚಿಟ್ಟ ಪೆಟ್ಟಿಗೆಯನ್ನು ಎಲ್ಲರ ಮುಂದೆ ತೆರೆದರೆ ಒಳಗೆ ಏನೂ ಇಲ್ಲದಿದ್ದಾಗ ಮನುಷ್ಯರ ಮುಖ ಹೇಗಾಗುತ್ತದೋ ಹಾಗಿತ್ತು ಅವರ ಮುಖ. ನನಗೆ ನೋಡಲಾಗಲಿಲ್ಲ. ನಕ್ಕ ತಾಯಂದಿರಲ್ಲಿ ಒಬ್ಬಳು ಕೈಚೀಲದಲ್ಲಿ ಏನೋ ಹುಡುಕುತ್ತಿದ್ದಳು, ಏನೂ ಬೇಕಿಲ್ಲದಿದ್ದರೂ. ಅತ್ತೆಯ ಬಾಯಲ್ಲಿ ಸಿದ್ಧವಾಗಿದ್ದ ಕತ್ತೆಯ ಮಾತು ಅಲ್ಲೇ ಉಳಿಯಿತು.

"ಹಂಗಲ್ಲ ಮಿಸ್," ಎಂದಿತು ಒಂದು ದನಿ.

ಜುಮಾನ. ಒಂದು ತಿಂಗಳಿಗೂ ಹೆಚ್ಚು ಮುಚ್ಚಿದ್ದ ಬಾಯಿ, ದನಿ ಗೊಗ್ಗರು ಗೊಗ್ಗರಾಗಿ ಬಂತು. ಅವಳು ಮಿಸ್ಸಿನ ಮುಖದ ಹತ್ತಿರ ಮುಖ ತಂದು, ಗೋಂದಿನ ಬೆರಳಿನಿಂದ ಅವರ ಗದ್ದ ಹಿಡಿದಳು. "ಜಾಸ್ತಿ ಬಾಯಿ ತೆಗೀಬೇಡಿ. ನಾಲಿಗೆ ಮೇಲೆ. ಚಲ್ಬ್. ನಮ್ಮ ಸಿತ್ತಿ ಹಿಂಗಂತಾಳೆ. ಚಲ್ಬ್. ಹೇಳಿ."

"ಚಲ್ಬ್," ಎಂದರು ಮಿಸ್ ರಸ್ಮಿಯ್ಯ.

"ಊಹೂಂ. ಇನ್ನೊಂದ್ಸಲ."

ಆ 'ಇನ್ನೊಂದ್ಸಲ' ಅವರದೇ ದನಿ, ಅವರದೇ ಧಾಟಿ. ಅವರು ಹೇಳಿದರು. ಜುಮಾನ ತಲೆಯಾಡಿಸಿದಳು. ಮತ್ತೆ ಹೇಳಿದರು. ಕಣ್ಣಿಂದ ನೀರು ಇಳಿದು ಗದ್ದದ ಮೇಲಿದ್ದ ಪುಟ್ಟ ಬೆರಳಿಗೆ ತಾಗಿತು. ಜುಮಾನ ಕೈ ತೆಗೆದು ಫ್ರಾಕಿಗೆ ಒರೆಸಿಕೊಂಡು, ಅಜ್ಜಿಯ ಕಡೆ ತಿರುಗಿ ಜೋರಾಗಿ ಕೇಳಿದಳು. "ಸಿತ್ತೀ, ಮಿಸ್ಸಿಗೆ ಬರ್ತಾನೇ ಇಲ್ಲ. ನೀನೇ ಹೇಳ್ಕೊಡು!"

ಇಷ್ಟು ದಿನದ ಮೇಲೆ ಅಜ್ಜಿಗೆ ಹೇಳಿದ ಮಾತು. ಅತ್ತೆ ಥೋಬಿನ ತೋಳಿನಿಂದ ಮೂಗು ಒರೆಸಿಕೊಂಡರು.

"ಬಿಡವ್ವ ರಸ್ಮಿಯ್ಯ, ಏಳು ಮೇಲೆ," ಎಂದರು ಕಡೆಗೆ. "ನೆಲ ತಣ್ಣಗೈತೆ."

ಆಮೇಲೆ ಖಾಫ್ ದಿನ ಹೇಗೋ ಮುಗಿಯಿತು. ಮಿಸ್ ರಸ್ಮಿಯ್ಯ ಯಾರ ಮುಖವನ್ನೂ ನೋಡದೆ ಹೃದಯಗಳನ್ನು ಹಂಚಿದರು. ಮೆಟ್ಟಿಲಿನಲ್ಲಿ ಇಬ್ಬರು ತಾಯಂದಿರು "ಕ್ಯಾಂಪಿನವರಂತೆ, ಗೊತ್ತೇ ಆಗ್ತಿರಲಿಲ್ಲ ಅಲ್ವಾ" ಎನ್ನುವುದು ಕೇಳಿಸಿತು. ಮಿಸ್ಸಿಗೂ ಕೇಳಿಸಿರಬೇಕು. ಗೇಟಿನಲ್ಲಿ ಅತ್ತೆಯ ಕೈ ಹಿಡಿದು, "ಚಿಕ್ಕಮ್ಮ, ಅಮ್ಮನ ದನಿ ನೆನಪಿಗೆ ಬರ್ತಿಲ್ಲ. ಎಷ್ಟು ಯೋಚಿಸಿದ್ರೂ ಅವಳು ನಗೋದೇ ಕಾಣ್ಸುತ್ತೆ," ಎಂದರು.

ಅತ್ತೆ ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ. "ಮಾತಾಡಕ್ಕೆ ಬಿಟ್ಟಿದ್ರೆ ತಾನೇ ನೆನಪಿರೋದು," ಎಂದರು. ಹೇಳಿದ ಮರುಗಳಿಗೆ ಅವರ ಮುಖವೂ ಬಾಡಿತು. "ಶುಕ್ರವಾರ ಮನೆಗ್ ಬಾ. ನಾನ್ ಇಟ್ಟು ನಾದ್ತಾ ಮಾತಾಡ್ತಿರ್ತೀನಿ, ಕೇಳಿಸ್ಕೊ. ನಿಮ್ಮವ್ವಂದೂ ಇದೇ ರಾಗ."

ಮುಂದಿನ ಶುಕ್ರವಾರ ಮಿಸ್ ರಸ್ಮಿಯ್ಯ ಬರಲಿಲ್ಲ. ಅದರಾಚೆಯ ಶುಕ್ರವಾರವೂ ಇಲ್ಲ. ಅತ್ತೆ ಪ್ರತಿಸಲ ಒಂದು ರೊಟ್ಟಿ ಹೆಚ್ಚು ಬೇಯಿಸಿ, ಯಾರೂ ಕೇಳದಿದ್ದರೂ "ಬಾಸಿಲ್‌ಗೆ ಅಸಿವು ಜಾಸ್ತಿ" ಎನ್ನುತ್ತಿದ್ದರು. ಇವತ್ತು ಮಧ್ಯಾಹ್ನದ ನಮಾಜಾದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ಒಂದು ಪೊಟ್ಟಣ ಖರ್ಜೂರ, ಕತ್ತಿನಲ್ಲಿ ಕತ್ತರಿಯಿಲ್ಲ. ಕತ್ತರಿಯಿಲ್ಲದೆ ಅವರನ್ನು ಗುರುತಿಸಲು ಜುಮಾನಳಿಗೆ ಒಂದು ಕ್ಷಣ ಹಿಡಿಯಿತು.

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತರು. ಅತ್ತೆ ಹಿಟ್ಟು ನಾದುತ್ತ ಕ್ಯಾಂಪಿನ ಬಾವಿಕಟ್ಟೆ, ಸತ್ತುಹೋದ ಮೇಕೆ, ಫಿದ್ದಾ ಯಾರಿಗೆ ಯಾವಾಗ ಏನು ಬೈದಿದ್ದಳು, ಎಲ್ಲ ಹೇಳಿದರು. ಬೈಗುಳಗಳನ್ನು ಫಿದ್ದಾಳ ದನಿಯಲ್ಲೇ ಹೇಳಿದರು. ಜುಮಾನ ನಡುನಡುವೆ ಬಂದು ಅಜ್ಜಿಯನ್ನು "ಕಹ್ವೆ ಆಯ್ತಾ?" ಎಂದು ಕೇಳಿ, ನನ್ನ ಕಡೆ ತಿರುಗಿ "ಅಮ್ಮಾ, ಅಹ್ವೆ ಆಗಿಲ್ವಂತೆ" ಎಂದಳು. ಅವಳಿಗೆ ತಾನು ಏನು ಮಾಡಿದೆನೆಂದೇ ಗೊತ್ತಿಲ್ಲ. ಮಿಸ್ ರಸ್ಮಿಯ್ಯ ಅವಳ ಬಾಯಿಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅವರಿಗೆ ಫೋನು ಬಂತು. ಗಂಡ. "ಹೂಂ, ಇಲ್ಲೇ ಪಕ್ಕದಲ್ಲಿದ್ದೀನಿ, ಅಹ್ವೆ ಕುಡಿದು ಬರ್ತೀನಿ," ಎಂದರು, ನುಣುಪಾದ ಪಟ್ಟಣದ ನಾಲಿಗೆಯಲ್ಲಿ. ಅಂದವರೇ ಅತ್ತೆಯನ್ನು ನೋಡಿದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿ, ತಲೆವಸ್ತ್ರದ ಅಂಚನ್ನು ಬಾಯಿಗೆ ಎಳೆದುಕೊಂಡರು.

ಅತ್ತೆ ಹಿಟ್ಟಿನ ಕೈಯನ್ನು ತಟ್ಟೆಗೆ ಉಜ್ಜಿದರು.

"ಮಾತಾಡವ್ವ," ಎಂದರು. "ಯಾವುದ್ರಾಗಾದ್ರೂ ಮಾತಾಡು. ಸುಮ್ಕೆ ಮಾತ್ರ ಕುಂತ್ಕಬ್ಯಾಡ."